ಯೌವನವನ್ನು ಕಾಡುವ ಹುಸಿ ಭಯ

ರೈಲ್ವೆ ಹಳಿಯ ಪಕ್ಕದ ಗೋಡೆ, ಬಸ್ ನಿಲ್ದಾಣದ ಶೌಚಾಲಯ, ಊರ ಹೊರಗಿನ ಸೇತುವೆಯ ಕಂಬ—ಇವುಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದ ಒಂದು ಪ್ರಕಟಣೆಯನ್ನು ಕಾಣದವರು ವಿರಳ. ‘ಬಾಲ್ಯದ ದುರಭ್ಯಾಸದಿಂದ ಶಕ್ತಿ ಕಳೆದುಕೊಂಡವರು, ನರದೌರ್ಬಲ್ಯ, ಸ್ವಪ್ನಸ್ಖಲನಗಳಿಂದ ಕುಗ್ಗಿದವರು ನಿರಾಶರಾಗಬೇಡಿ, ತಿಂಗಳ ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಕಾಣಿರಿ’ ಎಂಬುದು ಅದರ ಒಕ್ಕಣೆ. ಈಗ ಅದು ಗೋಡೆಯಿಂದ ಇಳಿದು ಕೈಯಲ್ಲಿರುವ ಮೊಬೈಲ್ ಫೋನಿಗೂ ಬಂದಿದೆ. ಸಂಸಾರವಂದಿಗರು ಅದನ್ನು ಕಂಡರೆ ಮುಖ ತಿರುಗಿಸಿ ಮುಂದೆ ಹೋಗುತ್ತಾರೆ. ಮನೆಯ ಹದಿನಾರು ಹದಿನೇಳರ ಹುಡುಗ ಮಾತ್ರ ಮುಖ ತಿರುಗಿಸುವುದಿಲ್ಲ. ಯಾರೂ ನೋಡುತ್ತಿಲ್ಲವೆಂದು ನಿಶ್ಚಯ ಮಾಡಿಕೊಂಡು ಅದನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾನೆ. ಅಲ್ಲಿ ಹೇಳಿರುವುದೆಲ್ಲ ತನ್ನನ್ನು ಕುರಿತೇ ಎಂದು ತಿಳಿದು ಒಳಗೇ ನಡುಗುತ್ತಾನೆ.

ಆ ನಡುಕಕ್ಕೆ ಕಾರಣವಾದ ವಿಷಯವನ್ನು ಮರ್ಯಾದಸ್ಥರ ಮನೆಯಲ್ಲಿ ಎತ್ತುವ ವಾಡಿಕೆಯಿಲ್ಲ. ಎತ್ತದಿರುವುದರಿಂದಲೇ ಅದರ ಸುತ್ತ ಕಟ್ಟುಕಥೆಗಳು ಹುತ್ತದಂತೆ ಬೆಳೆದಿವೆ. ಹಸ್ತಮೈಥುನದಿಂದ ಕಣ್ಣು ಗುಳಿ ಬೀಳುತ್ತದೆ, ಕೆನ್ನೆ ಒಳಸೇರುತ್ತದೆ, ಮೊಡವೆ ಏಳುತ್ತದೆ, ಕೂದಲು ಉದುರುತ್ತದೆ, ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ, ಬೆನ್ನುಹುರಿ ಸವೆಯುತ್ತದೆ, ಅಂಗ ಸಣ್ಣದಾಗಿ ಓರೆಯಾಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ, ಕಡೆಗೆ ಹುಚ್ಚೇ ಹಿಡಿಯುತ್ತದೆ—ಹೀಗೆ ಸಾಗುತ್ತದೆ ಪಟ್ಟಿ. ಇವುಗಳಲ್ಲಿ ಒಂದಕ್ಕೂ ವೈದ್ಯಶಾಸ್ತ್ರದ ಆಧಾರವಿಲ್ಲ. ಆ ಅಭ್ಯಾಸದಿಂದ ಮೇಲಿನ ಯಾವ ಕೇಡೂ ಆಗದು. ಕೇಡಾಗುವುದು ಅದನ್ನು ಕುರಿತ ಭಯದಿಂದ. ಈ ಮಾತನ್ನು ಸ್ವಲ್ಪ ವಿಚಾರ ಮಾಡಿ ನೋಡೋಣ.

ವಯಸ್ಸಿನ ಗುಣ, ಅಭ್ಯಾಸದ ತಪ್ಪಲ್ಲ

ಮೊಡವೆ ಏಳುವುದು ಹದಿಹರೆಯದಲ್ಲಿ. ಆ ವಯಸ್ಸಿನಲ್ಲಿ ದೇಹದಲ್ಲಿ ಹೆಚ್ಚುವ ಹಾರ್ಮೋನುಗಳು ಚರ್ಮದ ಎಣ್ಣೆಗ್ರಂಥಿಗಳನ್ನು ಕೆರಳಿಸುವುದೇ ಅದಕ್ಕೆ ಕಾರಣ. ಮಗುವಿನ ದುಂಡುಮುಖ ಕರಗಿ ಗಂಡಸಿನ ಮುಖದ ಎಲುಬು ಎದ್ದು ಕಾಣುವುದೂ ಅದೇ ವಯಸ್ಸಿನಲ್ಲಿ. ಹಸ್ತಮೈಥುನ ಆರಂಭವಾಗುವುದೂ ಸಾಮಾನ್ಯವಾಗಿ ಆಗಲೇ. ಒಂದೇ ಕಾಲದಲ್ಲಿ ನಡೆಯುವ ಮೂರು ಸಂಗತಿಗಳಲ್ಲಿ ಒಂದನ್ನು ಇನ್ನೆರಡಕ್ಕೆ ಕಾರಣವೆಂದು ತಿಳಿಯುವುದು, ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಗಂಟು ಹಾಕಿದಂತೆ.

ಈ ಅಭ್ಯಾಸ ಎಷ್ಟು ಜನರಲ್ಲಿದೆ? ಅಮೆರಿಕದ ಆಲ್‌ಫ್ರೆಡ್ ಕಿನ್ಸೆ ಎಂಬ ಪ್ರಾಣಿಶಾಸ್ತ್ರಜ್ಞನು ಸಾವಿರಾರು ಮಂದಿಯನ್ನು ಮುಖತಃ ಪ್ರಶ್ನಿಸಿ 1948ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರಕ್ಕೆ ಸುಮಾರು 92 ಪುರುಷರು ಜೀವನದಲ್ಲಿ ಎಂದಾದರೂ ಹಸ್ತಮೈಥುನ ಮಾಡಿಕೊಂಡವರೇ. ಸ್ತ್ರೀಯರನ್ನು ಕುರಿತ 1953ರ ವರದಿಯಲ್ಲಿ ಆ ಸಂಖ್ಯೆ ನೂರಕ್ಕೆ ಸುಮಾರು 62. ಇವು ಆ ದೇಶದ ಅಂಕಿಗಳೆಂಬುದು ನಿಜ. ಆದರೂ ಒಂದು ಮಾತು ಸ್ಪಷ್ಟ. ಅದರಿಂದ ಹುಚ್ಚು ಹಿಡಿಯುವುದಾಗಿದ್ದರೆ ಲೋಕದಲ್ಲಿ ಆಸ್ಪತ್ರೆಗಳನ್ನು ನೋಡಿಕೊಳ್ಳಲು ಬುದ್ಧಿ ನೆಟ್ಟಗಿರುವವರು ಸಾಕಷ್ಟು ಸಿಕ್ಕುತ್ತಿರಲಿಲ್ಲ.

ನಲವತ್ತು ಹನಿ ರಕ್ತದ ಲೆಕ್ಕ

ನಮ್ಮ ಯುವಕರನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸಿರುವುದು ಒಂದು ಗಣಿತ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯವಾಗುತ್ತದೆಂಬ ನಂಬಿಕೆ ಜನರ ಬಾಯಲ್ಲಿ ಬಹುಕಾಲದಿಂದ ಇದೆ. ಆ ಲೆಕ್ಕವನ್ನೇ ಒಪ್ಪಿಕೊಂಡು ಮುಂದುವರಿಯೋಣ. ಒಂದು ಸಲಕ್ಕೆ ಸ್ಖಲಿತವಾಗುವ ವೀರ್ಯ ಸಾಮಾನ್ಯವಾಗಿ ಒಂದೂವರೆಯಿಂದ ಐದು ಮಿಲಿಲೀಟರು. ಹೆಚ್ಚೆಂದರೆ ಒಂದು ಚಹಾ ಚಮಚ. ಮೂರು ಮಿಲಿಲೀಟರು ಎಂದು ಹಿಡಿದರೂ ಅದಕ್ಕೆ ವ್ಯಯವಾಗಬೇಕಾದ ರಕ್ತ 120 ಮಿಲಿಲೀಟರು. ಹೊಸದಾಗಿ ಮದುವೆಯಾದವನೊಬ್ಬ ತಿಂಗಳಿಗೆ ಎಂಟು ಸಲ ಪತ್ನಿಯನ್ನು ಕೂಡಿದರೆ ತಿಂಗಳಿಗೆ ಹೆಚ್ಚುಕಡಮೆ ಒಂದು ಲೀಟರು ರಕ್ತ ಖರ್ಚಾಗಬೇಕು. ವಯಸ್ಕನ ಮೈಯಲ್ಲಿರುವ ರಕ್ತ ಒಟ್ಟು ಐದು ಲೀಟರಿನ ಸುಮಾರು. ಅಂದಮೇಲೆ ಆರನೆಯ ತಿಂಗಳು ತುಂಬುವುದರೊಳಗೆ ಗೃಹಸ್ಥನ ಮೈ ಬರಿದಾಗಬೇಕಾಗಿತ್ತು! ಹಾಗೇನೂ ಆಗದೆ ಅವನು ಮಕ್ಕಳು ಮೊಮ್ಮಕ್ಕಳನ್ನು ಕಂಡು ಬಾಳುತ್ತಿರುವುದೇ ಈ ಲೆಕ್ಕ ಸುಳ್ಳೆಂಬುದಕ್ಕೆ ಸಾಕ್ಷಿ. ದೇಹಕ್ಕೆ ವಿವಾಹದಿಂದಾದ ಸ್ಖಲನ ಬೇರೆ, ಹಸ್ತಮೈಥುನದಿಂದಾದ ಸ್ಖಲನ ಬೇರೆ ಎಂಬ ಭೇದ ಗೊತ್ತಿಲ್ಲ.

ವಾಸ್ತವವಾಗಿ ವೀರ್ಯವು ರಕ್ತದ ಸಾರವಲ್ಲ. ಅದರ ಬಹುಭಾಗ ಶುಕ್ರಕೋಶಗಳು, ಪ್ರಾಸ್ಟೇಟ್ ಗ್ರಂಥಿ ಇವು ಸ್ರವಿಸುವ ದ್ರವ. ಅದರಲ್ಲಿರುವುದು ಹೆಚ್ಚಾಗಿ ನೀರು, ಸ್ವಲ್ಪ ಸಕ್ಕರೆ, ಸ್ವಲ್ಪ ಪ್ರೋಟೀನು, ಕೆಲವು ಲವಣಗಳು. ವೃಷಣಗಳಲ್ಲಿ ಹುಟ್ಟುವ ವೀರ್ಯಾಣುಗಳ ಪಾಲು ಅದರಲ್ಲಿ ಅತ್ಯಲ್ಪ. ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಬೇಕಾದರೂ, ಆ ಕಾರ್ಯ ಯೌವನದಿಂದ ಮುಪ್ಪಿನವರೆಗೆ ಎಡೆಬಿಡದೆ ನಡೆಯುತ್ತಿರುತ್ತದೆ. ದಿನವೊಂದಕ್ಕೆ ಕೋಟಿಗಟ್ಟಲೆ ಹುಟ್ಟುತ್ತವೆ. ಹೊರಗೆ ಹೋಗದೆ ಉಳಿದವು ಒಳಗೇ ಕ್ಷಯಿಸಿ ಹೀರಿಹೋಗುತ್ತವೆ. ಅದು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಬೆಳೆಯತಕ್ಕ ಧನವಲ್ಲ. ಬಾಯಲ್ಲಿ ಊರುವ ಜೊಲ್ಲಿನಂತೆ, ಕಣ್ಣಿನಲ್ಲಿ ಒಸರುವ ನೀರಿನಂತೆ ದೇಹ ಮತ್ತೆ ಮತ್ತೆ ಮಾಡಿಕೊಳ್ಳುವ ಒಂದು ದ್ರವ.

ಸ್ವಪ್ನಸ್ಖಲನವೂ ಹಾಗೆಯೇ. ಆರೋಗ್ಯವಂತ ಪುರುಷನಿಗೆ ನಿದ್ರೆಯ ನಡುವೆ, ಮುಖ್ಯವಾಗಿ ಕನಸು ಬೀಳುವ ಹೊತ್ತಿನಲ್ಲಿ, ರಾತ್ರಿಗೆ ಹಲವು ಸಲ ಅಂಗ ಉದ್ರೇಕಗೊಳ್ಳುವುದು ಸಹಜ. ಹರೆಯದಲ್ಲಿ ಒಮ್ಮೊಮ್ಮೆ ಸ್ಖಲನವೂ ಆಗಬಹುದು. ಕೆಲವರಿಗೆ ಆಗದೆಯೂ ಇರಬಹುದು. ಎರಡೂ ರೋಗವಲ್ಲ. ಮೂತ್ರ ಬೆಳ್ಳಗೆ ಕದಡಿದಂತೆ ಕಂಡಾಗ ಧಾತು ಹೋಗುತ್ತಿದೆಯೆಂದು ಎದೆಗೆಡುವವರು ಅನೇಕರು. ಬಹುಮಟ್ಟಿಗೆ ಅದು ಆಹಾರದಿಂದ ಬಂದ ಫಾಸ್ಫೇಟ್ ಲವಣ. ಅಂಗ ಸ್ವಲ್ಪ ಒಂದು ಕಡೆಗೆ ಬಾಗಿರುವುದು, ಒಂದು ವೃಷಣ—ಸಾಮಾನ್ಯವಾಗಿ ಎಡದ್ದು—ಇನ್ನೊಂದಕ್ಕಿಂತ ಕೆಳಗಿರುವುದು, ಇವೂ ಪ್ರಕೃತಿಯ ರಚನೆಯೇ ಹೊರತು ಪಾಪದ ಗುರುತಲ್ಲ.

ಭಯ ಬಂದ ದಾರಿ

ಇಷ್ಟು ಸರಳವಾದ ವಿಷಯಕ್ಕೆ ಇಷ್ಟು ದೊಡ್ಡ ಭಯ ಹೇಗೆ ಅಂಟಿಕೊಂಡಿತು? ನಮ್ಮ ಆಯುರ್ವೇದವು ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಏಳು ಧಾತುಗಳನ್ನು ಹೇಳುತ್ತದೆ. ಒಂದರ ಸಾರದಿಂದ ಮುಂದಿನದು ಪೋಷಣೆಗೊಳ್ಳುತ್ತದೆಂಬುದು ಅದರ ಕಲ್ಪನೆ. ಕೊನೆಯದಾದ ಶುಕ್ರಕ್ಕೆ ಅಲ್ಲಿ ವಿಶೇಷ ಗೌರವ ಸಂದಿತು. ದೇಹದ ಒಳಗನ್ನು ಸೂಕ್ಷ್ಮದರ್ಶಕದಿಂದ ಕಾಣುವ ಸಾಧನವಿಲ್ಲದ ಕಾಲದಲ್ಲಿ ಪ್ರಾಜ್ಞರು ಕಟ್ಟಿದ ವ್ಯವಸ್ಥೆಯದು. ಅದನ್ನು ಭಯದ ಸರಕನ್ನಾಗಿ ಮಾರಿದವರು ಹಿಂದಿನ ಆಚಾರ್ಯರಲ್ಲ, ಇಂದಿನ ಲಾಡ್ಜು ವೈದ್ಯರು.

ಈ ಭಯ ನಮ್ಮ ದೇಶದ್ದೇ ಎಂದು ಯಾರೂ ಭಾವಿಸಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ‘ಒನೇನಿಯ’ ಎಂಬ ಹೆಸರಿಲ್ಲದ ಲೇಖಕನ ಪುಸ್ತಿಕೆ ಹೊರಬಂದಿತು. ಹಸ್ತಮೈಥುನದಿಂದ ಬರುವ ರೋಗಗಳನ್ನು ಅದು ವರ್ಣಿಸಿತು. ಜೊತೆಗೆ ಆ ರೋಗಗಳಿಗೆ ಔಷಧವನ್ನೂ ಮಾರಾಟಕ್ಕೆ ಸೂಚಿಸಿತು! ಹೆಸರು ಬೈಬಲಿನ ಓನಾನನದು. ಆದರೆ ಆ ಕಥೆಯಲ್ಲಿ ಓನಾನನು ಮಾಡಿದ ತಪ್ಪು, ಸತ್ತ ಅಣ್ಣನ ವಿಧವೆಯಲ್ಲಿ ಸಂತಾನ ಪಡೆಯುವ ಕರ್ತವ್ಯದಿಂದ ನುಣುಚಿಕೊಂಡದ್ದು; ಹಸ್ತಮೈಥುನವಲ್ಲ. ಬಳಿಕ 1760ರಲ್ಲಿ ಸ್ವಿಟ್ಜರ್‌ಲೆಂಡಿನ ಲೋಸಾನ್ ನಗರದ ಟಿಸೊ ಎಂಬ ಹೆಸರಾಂತ ವೈದ್ಯನು ಇದೇ ವಿಷಯದ ಮೇಲೆ ಫ್ರೆಂಚ್ ಭಾಷೆಯಲ್ಲಿ ಗ್ರಂಥ ಬರೆದನು. ವೈದ್ಯನೇ ಬರೆದದ್ದರಿಂದ ಭಯಕ್ಕೆ ಶಾಸ್ತ್ರದ ಮುದ್ರೆ ಬಿದ್ದಿತು. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯೂರೋಪು ಅಮೆರಿಕಗಳಲ್ಲಿ ಹುಡುಗರ ಕೈ ಕಟ್ಟಿ ಮಲಗಿಸುವವರೆಗೂ ಇದು ಹೋಯಿತು.

ಎಲ್ಲ ವೈದ್ಯರೂ ಇದಕ್ಕೆ ತಲೆದೂಗಲಿಲ್ಲ. ವಿಕ್ಟೋರಿಯಾ ರಾಣಿಯ ಶಸ್ತ್ರವೈದ್ಯರಲ್ಲೊಬ್ಬನಾಗಿದ್ದ ಸರ್ ಜೇಮ್ಸ್ ಪ್ಯಾಜೆಟ್, ಹಸ್ತಮೈಥುನದಿಂದ ಆಗುವ ಹಾನಿ ದಂಪತಿಗಳ ಕೂಟದಿಂದ ಆಗುವುದಕ್ಕಿಂತ ಹೆಚ್ಚೂ ಅಲ್ಲ, ಕಡಮೆಯೂ ಅಲ್ಲ ಎಂದು 1870ರ ದಶಕದಲ್ಲಿಯೇ ವೈದ್ಯರಿಗೆ ತಿಳಿಸಿದನು. ಅವನಿಗೆ ಆ ಅಭ್ಯಾಸ ಮೆಚ್ಚುಗೆಯಾಗಿರಲಿಲ್ಲ. ಮೆಚ್ಚದಿರುವುದು ಬೇರೆ, ಸುಳ್ಳು ಹೇಳಿ ಹೆದರಿಸುವುದು ಬೇರೆ ಎಂಬ ವಿವೇಕ ಅವನಲ್ಲಿತ್ತು.

ನಮ್ಮ ದೇಶದಲ್ಲಿ ಈ ವಿವೇಕಕ್ಕಾಗಿ ಬೆಲೆ ತೆತ್ತವರು ಪ್ರೊಫೆಸರ್ ರಘುನಾಥ ಧೋಂಡೊ ಕರ್ವೆಯವರು. ಮಹರ್ಷಿ ಕರ್ವೆಯವರ ಮಗನಾದ ಇವರು ಮುಂಬಯಿಯಲ್ಲಿ 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ಕೈಯಿಂದ ಹಣ ಹಾಕಿ ನಡೆಸಿದರು. ಹಸ್ತಮೈಥುನವೇ ಮೊದಲಾದ ವಿಷಯಗಳಲ್ಲಿ ಓದುಗರು ಕೇಳಿದ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಟ್ಟುದಕ್ಕಾಗಿ ಅಶ್ಲೀಲತೆಯ ಆರೋಪ ಬಂದು, 1934ರಲ್ಲಿ ನ್ಯಾಯಾಲಯದ ಮುಂದೆ ನಿಂತರು. ಅವರ ಪರವಾಗಿ ವಾದಿಸಿದವರು ಡಾಕ್ಟರ್ ಬಿ. ಆರ್. ಅಂಬೇಡ್ಕರ್. ಮೊಕದ್ದಮೆ ಸೋತಿತು, ಕರ್ವೆಯವರಿಗೆ ದಂಡ ಬಿದ್ದಿತು. ಆದರೂ ಪತ್ರಿಕೆ ನಿಲ್ಲಲಿಲ್ಲ. ನಮ್ಮ ಮೈಸೂರು ಸಂಸ್ಥಾನವೂ ಇಂಥ ವಿಷಯದಲ್ಲಿ ಹಿಂದೆಗೆಯಲಿಲ್ಲವೆಂಬುದನ್ನು ಕನ್ನಡಿಗರು ನೆನೆಯಬಹುದು. 1930ರಲ್ಲಿ ಸಂಸ್ಥಾನದ ಸರ್ಕಾರವು ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿದಾಗ ಜಗತ್ತಿನ ಬೇರೆ ಸರ್ಕಾರಗಳು ಇನ್ನೂ ಆ ಮಾತೆತ್ತಲು ಸಂಕೋಚಪಡುತ್ತಿದ್ದುವು.

ಭಯವೇ ರೋಗವಾಗುವ ಬಗೆ

ಭಾರತದ ಮನೋವೈದ್ಯರಲ್ಲಿ ಅಗ್ರಗಣ್ಯರಾಗಿದ್ದ ಡಾಕ್ಟರ್ ಎನ್. ಎನ್. ವಿಗ್ ಅವರು 1960ರಲ್ಲಿ ಈ ಭಯದಿಂದ ಹುಟ್ಟುವ ಕಾಯಿಲೆಗೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಧಾತ್ ಎಂದರೆ ನಮ್ಮ ಧಾತುವೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹತ್ತನೆಯ ಆವೃತ್ತಿಯಲ್ಲಿಯೂ ಈ ಹೆಸರು ಸೇರಿತು. ಈ ಕಾಯಿಲೆಯವನಿಗೆ ಸುಸ್ತು, ಮೈಕೈ ನೋವು, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ಓದಿನಲ್ಲಿ ಮನಸ್ಸು ನಿಲ್ಲದಿರುವುದು, ಎದೆಬಡಿತ ಎಲ್ಲವೂ ಇರುತ್ತವೆ. ಇವು ನಟನೆಯಲ್ಲ, ನಿಜವಾದ ಯಾತನೆ. ಆದರೆ ಕಾರಣ ವೀರ್ಯ ಹೋದದ್ದಲ್ಲ, ಹೋಯಿತೆಂಬ ಕೊರಗು. ಕೊರಗಿನಿಂದ ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟದ್ದರಿಂದ ಸುಸ್ತಾಗುತ್ತದೆ, ಸುಸ್ತಾದದ್ದನ್ನು ಕಂಡು ಕೊರಗು ಇಮ್ಮಡಿಸುತ್ತದೆ. ಗಾಣದೆತ್ತಿನಂತೆ ಇದೇ ಸುತ್ತು.

ಇಂಥ ಯುವಕನ ಸ್ಥಿತಿಯನ್ನು ತಿಳಿಯದ ಹಿರಿಯರು ‘ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಅನರ್ಥಕ್ಕೆ ಇದೇ ನಾಂದಿಯಾಗುವುದುಂಟು. ತಾನು ನಿಷ್ಪ್ರಯೋಜಕನೆಂದು ಮೊದಲೇ ನಂಬಿಕೊಂಡವನು ಪ್ರಸ್ತದ ಕೋಣೆಗೆ ಪರೀಕ್ಷೆಗೆ ಹೋಗುವ ವಿದ್ಯಾರ್ಥಿಯಂತೆ ಹೋಗುತ್ತಾನೆ. ಅಂಗ ಉದ್ರೇಕಗೊಳ್ಳಬೇಕಾದರೆ ರಕ್ತನಾಳಗಳು ಸಡಿಲಗೊಂಡು ರಕ್ತ ಒಳಗೆ ಹರಿಯಬೇಕು. ಹೆದರಿದಾಗ ಮೈಯಲ್ಲಿ ಸುರಿಯುವ ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಯುತ್ತದೆ. ಫಲ, ಸೋಲು. ಒಂದು ಸಲದ ಸೋಲು ಅವನ ನಂಬಿಕೆಗೆ ಪುರಾವೆಯಾಗುತ್ತದೆ. ಎರಡನೆಯ ಸಲ ಹೆದರಿಕೆ ಇನ್ನೂ ಹೆಚ್ಚುತ್ತದೆ. ಇತ್ತ ಏನೂ ಅರಿಯದ ಹೊಸ ಹೆಂಡತಿ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಕಣ್ಣೀರಿಡುತ್ತಾಳೆ. ವೈದ್ಯರ ಒಂದೆರಡು ಭೇಟಿಯಲ್ಲಿ ಬಗೆಹರಿಯಬಹುದಾಗಿದ್ದ ವಿಷಯ ಎರಡು ಮನೆಗಳ ಜಗಳವಾಗುತ್ತದೆ.

ಹೆಣ್ಣುಮಕ್ಕಳಿಗೂ ಇದೇ ಬಗೆಯ ಭಯಗಳುಂಟು. ಋತುಚಕ್ರದ ನಡುವೆ ವಾಸನೆಯಿಲ್ಲದ, ತುರಿಕೆಯಿಲ್ಲದ ತಿಳಿಯಾದ ಸ್ರಾವ ಕಾಣುವುದು ದೇಹದ ಸಹಜ ಕ್ರಿಯೆ. ಅದರಿಂದ ಎಲುಬು ಕರಗಿ ಹೋಗುತ್ತದೆಂದು ಹೆದರಿ ಬಡವಾಗುವವರಿದ್ದಾರೆ. ದುರ್ವಾಸನೆ, ತುರಿಕೆ, ಬಣ್ಣದ ಬದಲಾವಣೆ, ಹೊಟ್ಟೆನೋವು ಇದ್ದರೆ ಅದು ಸೋಂಕು ಇರಬಹುದು. ಸ್ತ್ರೀವೈದ್ಯರು ಸುಲಭವಾಗಿ ಗುಣಪಡಿಸಬಲ್ಲರು. ಹಸ್ತಮೈಥುನದಿಂದ ಹೆಣ್ಣಿಗೆ ಬಂಜೆತನ ಬರುವುದೆಂಬುದೂ ಸುಳ್ಳು.

ಅಂಜಿಕೆಯ ವ್ಯಾಪಾರ

ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಔಷಧಗಳ ಜಾಹೀರಾತು ಮಾಡುವುದನ್ನು ನಮ್ಮ ಸಂಸತ್ತು 1954ರಷ್ಟು ಹಿಂದೆಯೇ ಕಾಯಿದೆಯಿಂದ ನಿಷೇಧಿಸಿದೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೆ ಎರಡೂ ಆಗಬಹುದು. ಈ ಕಾಯಿದೆ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಔಷಧ ತಯಾರಕರು ಸುಪ್ರೀಂ ಕೋರ್ಟಿಗೆ ಹೋದಾಗ, 1959ರ ಡಿಸೆಂಬರಿನಲ್ಲಿ ನ್ಯಾಯಾಲಯವು ಕಾಯಿದೆಯ ಕೆಲವು ಅಂಶಗಳನ್ನು ತೆಗೆದುಹಾಕಿದರೂ ಅದರ ಮೂಲೋದ್ದೇಶವನ್ನು ಎತ್ತಿಹಿಡಿಯಿತು. ಕಾಯಿದೆ ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯ ಮೇಲಿದೆ.

ಈ ವ್ಯಾಪಾರದ ಜಾಣತನ ಇರುವುದು ಒಂದೇ ಕಡೆ. ಮೋಸಹೋದ ಗಿರಾಕಿ ಹೊರಗೆ ಬಾಯಿ ಬಿಡುವಂತಿಲ್ಲ. ಸಂಬಳದ ಹಣ, ತಾಯಿಯಿಂದ ಸುಳ್ಳು ಹೇಳಿ ಪಡೆದ ಹಣ, ಸಾಲದ ಹಣ ಭಸ್ಮ ಲೇಹ್ಯಗಳಿಗೆ ಹೋದರೂ ಅವನು ಪೊಲೀಸರ ಬಳಿಗಾಗಲಿ ತಂದೆಯ ಬಳಿಗಾಗಲಿ ಹೋಗುವುದಿಲ್ಲ. ಹಣ ಹೋಗುವುದೇ ಕಡಮೆಯ ನಷ್ಟ. ಕೇವಲ ಗಿಡಮೂಲಿಕೆಯೆಂದು ಮಾರುವ ಇಂಥ ಎಷ್ಟೋ ಔಷಧಗಳಲ್ಲಿ ಸಿಲ್ಡೆನಾಫಿಲ್ ಎಂಬ ರಾಸಾಯನಿಕ ಔಷಧವನ್ನು ಹೇಳದೆ ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಹೃದ್ರೋಗಕ್ಕೆ ನೈಟ್ರೇಟ್ ಮಾತ್ರೆ ಸೇವಿಸುವವರು ಅದನ್ನು ತೆಗೆದುಕೊಂಡರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ವೈದ್ಯರನ್ನು ಕಾಣಬೇಕಾದುದು ಯಾವಾಗ?

ಹಸ್ತಮೈಥುನ ನಿರಪಾಯಕರವೆಂದಮಾತ್ರಕ್ಕೆ ಗುಪ್ತಾಂಗಗಳ ಎಲ್ಲ ತೊಂದರೆಯನ್ನೂ ಅಲಕ್ಷಿಸಬೇಕೆಂದಲ್ಲ. ಮೂತ್ರ ಮಾಡುವಾಗ ಉರಿ, ಕೀವು, ಹುಣ್ಣು, ವೀರ್ಯದಲ್ಲಾಗಲಿ ಮೂತ್ರದಲ್ಲಾಗಲಿ ರಕ್ತ, ವೃಷಣದಲ್ಲಿ ಗಂಟು—ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಹುಡುಗನಿಗೆ ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ ನಾಚಿಕೆಯಿಂದ ಬೆಳಗಿನವರೆಗೆ ಕಾಯಕೂಡದು. ವೃಷಣ ತಿರುಚಿಕೊಂಡಿದ್ದರೆ ಆರು ಗಂಟೆಗಳೊಳಗಾಗಿ ಶಸ್ತ್ರಚಿಕಿತ್ಸೆಯಾಗದಿದ್ದಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ನಡುವಯಸ್ಸಿನವರಲ್ಲಿ ಅಂಗದ ಉದ್ರೇಕ ಕುಗ್ಗಿದರೆ ಅದಕ್ಕೆ ಹಳೆಯ ಅಭ್ಯಾಸವನ್ನು ದೂರದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೊಗೆಬತ್ತಿಗಳ ಕಡೆ ನೋಡಬೇಕು. ಹೃದಯದ ತೊಂದರೆಗೆ ಅದು ಮುನ್ಸೂಚನೆಯೂ ಆಗಿರಬಹುದು.

‘ಎಷ್ಟಾದರೆ ಅತಿ?’ ಎಂದು ಕೇಳುವವರುಂಟು. ಅದಕ್ಕೆ ವಾರಕ್ಕೆ ಇಷ್ಟು ಸಲವೆಂಬ ಗಡಿಯಿಲ್ಲ. ಓದು, ಕೆಲಸ, ನಿದ್ರೆ, ಸ್ನೇಹಗಳನ್ನು ಅದು ನುಂಗತೊಡಗಿ, ಬಿಡಬೇಕೆಂದರೂ ಬಿಡಲಾಗದೆ ಮನಸ್ಸು ಹಿಂಸೆಪಡುತ್ತಿದ್ದರೆ ಆಗ ಸಹಾಯ ಬೇಕು. ಬೇರಾವುದೋ ಬೇಸರ ಖಿನ್ನತೆಗಳು ಅದರ ಹಿಂದೆ ಇರಬಹುದು. ಮನೋವೈದ್ಯರ ಬಳಿಗೆ ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಅವರು ದೊರೆಯುತ್ತಾರೆ. ಮನೆಯಿಂದಲೇ ಮಾತಾಡಬಯಸುವವರಿಗೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ ಸೇವೆಯ 14416 ಸಂಖ್ಯೆ ಉಂಟು. ಕನ್ನಡದಲ್ಲಿಯೂ ಮಾತಾಡಬಹುದು.

ವ್ರತವಾಗಿ ಬ್ರಹ್ಮಚರ್ಯವನ್ನು ಕೈಕೊಳ್ಳುವವರ ವಿಷಯ ಬೇರೆ. ಅದು ಅವರವರ ಶ್ರದ್ಧೆಯ ಮಾತು; ವೈದ್ಯಶಾಸ್ತ್ರಕ್ಕೆ ಅದರೊಡನೆ ತಕರಾರಿಲ್ಲ. ಆದರೆ ಸಂಯಮಕ್ಕೆ ಸುಳ್ಳಿನ ಊರೆಗೋಲು ಬೇಕಾಗಿಲ್ಲ. ಹೆದರಿಕೆಯಿಂದ ಪಾಲಿಸಿದ ವ್ರತದಿಂದ ಮನಸ್ಸಿಗೆ ಶಾಂತಿಯಂತೂ ದೊರೆಯದು.

ಹೆತ್ತವರಿಗೆ ಒಂದು ಮಾತು

ತಂದೆತಾಯಿಗಳು ಈ ವಿಷಯದಲ್ಲಿ ಉಪನ್ಯಾಸ ಮಾಡಬೇಕಾಗಿಲ್ಲ. ಮಗನ ಧ್ವನಿ ಒಡೆದು ಮೀಸೆ ಚಿಗುರುವ ಕಾಲದಲ್ಲಿ, ಜೊತೆಯಲ್ಲಿ ನಡೆದು ಹೋಗುವಾಗಲೋ ಸ್ಕೂಟರಿನಲ್ಲಿ ಹೋಗುವಾಗಲೋ, ಮುಖಕ್ಕೆ ಮುಖ ಕೊಡದೆಯೇ ನಾಲ್ಕು ಮಾತು ಹೇಳಿದರೆ ಸಾಕು: ‘ಈ ವಯಸ್ಸಿಗೆ ಹೀಗೆಲ್ಲ ಆಗುತ್ತದಪ್ಪ. ನಮಗೂ ಆಗಿತ್ತು. ಅದರಿಂದ ಏನೂ ಕೆಡುವುದಿಲ್ಲ. ಏನಾದರೂ ಕೇಳಬೇಕೆನಿಸಿದರೆ ನನ್ನನ್ನೇ ಕೇಳು, ಇಲ್ಲವೆ ಡಾಕ್ಟರ ಹತ್ತಿರ ಹೋಗೋಣ.’ ತಂದೆಗೆ ಸಂಕೋಚವಾದರೆ ಸೋದರಮಾವ, ದೊಡ್ಡಣ್ಣ ಹೇಳಬಹುದು. ಮಗಳಿಗೆ ತಾಯಿಯೋ ಅತ್ತಿಗೆಯೋ ಹೇಳಬಹುದು. ಕೋಣೆಯಲ್ಲಿ ಮಕ್ಕಳು ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದರೆ ಹೊಡೆದು ಬಡಿದು ಅವಮಾನಪಡಿಸುವುದು ಬೇಡ. ಬಾಗಿಲು ಮುಂದೆ ಮಾಡಿ ಬಂದರಾಯಿತು. ಇದು ಏಕಾಂತದ ವಿಷಯವೆಂಬುದನ್ನು ಆ ಬಾಗಿಲೇ ಕಲಿಸುತ್ತದೆ.

ಆ ನಾಲ್ಕು ಮಾತನ್ನು ನಾವು ಹೇಳದಿದ್ದರೆ ಹೇಳುವವರು ಬೇರೆ ಇದ್ದೇ ಇದ್ದಾರೆ. ಅವರು ಹೇಳುವುದು ಸುಳ್ಳು. ಮೇಲೆ ಅದಕ್ಕೆ ಹಣವನ್ನೂ ಪಡೆಯುತ್ತಾರೆ. ಮನೆಯವರ ಮಾತಿಗೆ ಖರ್ಚಾಗುವುದು ಸ್ವಲ್ಪ ಸಂಕೋಚ ಮಾತ್ರ. ಬೆಳೆದ ಮಗ ರಾತ್ರಿ ನೆಮ್ಮದಿಯಿಂದ ನಿದ್ರಿಸುವುದಾದರೆ ಅಷ್ಟು ಖರ್ಚು ಮಾಡಲು ಯಾವ ತಂದೆತಾಯಿಗಳು ತಾನೆ ಹಿಂದೆಗೆದಾರು?